ಅಫೆಕ್ಟ್–ಎಫೆಕ್ಟ್, ಲೈ–ಲೇ: ಗೊಂದಲದ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲೇ ಇದೆ ಮದ್ದು

ಪ್ರಶ್ನೆ: ಸರ್, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ಇಂಗ್ಲಿಷ್ ಮಾತಾಡೋಕೆ ತೊಂದರೆ ಇಲ್ಲ, ಮೇಲ್ ಬರೆಯುವಾಗ ಮಾತ್ರ ಕೈ ತಡೆಯುತ್ತೆ. 'ಅಫೆಕ್ಟ್' ಬರೀಬೇಕಾ 'ಎಫೆಕ್ಟ್' ಬರೀಬೇಕಾ, 'ಅಡ್ವೈಸ್'ಗೆ 'ಸಿ' ಹಾಕಬೇಕಾ 'ಎಸ್' ಹಾಕಬೇಕಾ, 'ಲೈ'ನಾ 'ಲೇ'ನಾ ಅಂತ ಪ್ರತಿ ಸಲ ಅನುಮಾನ. ಮೊನ್ನೆ 'ದಿಸ್ ವಿಲ್ ಎಫೆಕ್ಟ್ ದಿ ಡೆಲಿವರಿ, ಕೈಂಡ್ಲಿ ಅಡ್ವೈಸ್' ಅಂತ ಬರೆದೆ. ಅಡ್ವೈಸ್‌ಗೆ 'ಸಿ' ಹಾಕಿದ್ದೆ. ಮ್ಯಾನೇಜರ್ ಎರಡು ಪದಕ್ಕೂ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಈಗ 500 ಜೋಡಿ ಪದಗಳ ಒಂದು ಪಿಡಿಎಫ್ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಬೇರೆ ದಾರಿ ಇದೆಯಾ?

ಉತ್ತರ: ಮೊದಲು ಆ ಪಿಡಿಎಫ್ ಅಳಿಸಿ ಹಾಕಿ.

ಓದಿದಷ್ಟೂ ಗೊಂದಲ ಜಾಸ್ತಿ ಆಗುವುದು ನಿಮ್ಮ ತಪ್ಪಲ್ಲ, ಆ ಪಟ್ಟಿಯ ಗುಣವೇ ಅದು. ಹತ್ತಿರದ ಎರಡು ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಅವು ತಲೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಥಾಮಸ್ ಟಿಂಕಮ್ ಎಂಬ ಸಂಶೋಧಕರು 1993ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಅರ್ಥದಲ್ಲಿ ಹತ್ತಿರವಾದ ಪದಗಳನ್ನು ಒಂದೇ ಗುಂಪಾಗಿ ಕಲಿಯುವುದು, ಸಂಬಂಧವೇ ಇಲ್ಲದ ಪದಗಳನ್ನು ಕಲಿಯುವುದಕ್ಕಿಂತ ಕಷ್ಟ ಅಂತ ಗೊತ್ತಾಯಿತು. 1997ರಲ್ಲಿ ರಾಬ್ ವೇರಿಂಗ್ ಜಪಾನಿನ ಕಲಿಕೆಗಾರರ ಜೊತೆ ಅದೇ ಪ್ರಯೋಗ ಮಾಡಿದರು, ಅಲ್ಲೂ ಹಾಗೇ ಆಯಿತು. ಅರ್ಥ ಹತ್ತಿರವಿದ್ದರೇ ಈ ಪಾಡು. ಸದ್ದು, ಸ್ಪೆಲ್ಲಿಂಗ್ ಕೂಡ ಹತ್ತಿರವಿದ್ದರೆ ಕೇಳಲೇಬೇಡಿ.

ಕನ್ನಡದಲ್ಲೂ ಇಂಥ ಜೋಡಿಗಳಿಗೆ ಬರವಿಲ್ಲ. ಬೆಲೆ–ಬೆಳೆ, ಹಳ್ಳಿ–ಹಲ್ಲಿ, ಹೊಳೆ–ಒಲೆ. ಹೊರಗಿನಿಂದ ಬಂದು ಕನ್ನಡ ಕಲಿಯುವವರು ಇಲ್ಲಿ ಎಡವುತ್ತಲೇ ಇರುತ್ತಾರೆ. ನೀವು ಎಡವುವುದಿಲ್ಲ. ಯಾಕೆಂದರೆ ಇವನ್ನು ನೀವು ಜೋಡಿಯಾಗಿ ಕಲಿಯಲೇ ಇಲ್ಲ. 'ಬೆಳೆ' ಹೊಲದ ಜೊತೆ ಬಂತು, 'ಬೆಲೆ' ಅಂಗಡಿಯ ಜೊತೆ ಬಂತು. ಅವೆರಡೂ ಹೆಚ್ಚುಕಮ್ಮಿ ಒಂದೇ ಥರ ಇವೆ ಅಂತ ಯಾರೋ ತೋರಿಸಿಕೊಡುವವರೆಗೆ ನಮಗೆ ಹೊಳೆಯುವುದೂ ಇಲ್ಲ.

ಈಗ ನಿಮ್ಮ ಮೇಲ್‌ಗೆ ಬರೋಣ. 'ದಿಸ್ ವಿಲ್ ಎಫೆಕ್ಟ್ ದಿ ಡೆಲಿವರಿ' ಅಂದರೆ ಏನು ಗೊತ್ತಾ? ಮೊದಲಕ್ಷರ 'ಇ' ಇರುವ 'ಎಫೆಕ್ಟ್' ಸಾಮಾನ್ಯವಾಗಿ ನಾಮಪದ. ಅಪರೂಪಕ್ಕೆ ಕ್ರಿಯಾಪದವಾಗಿ ಬಂದಾಗ ಅದರ ಅರ್ಥ 'ನೆರವೇರಿಸು, ಆಗುವಂತೆ ಮಾಡು'. ಅಂದರೆ ನೀವು ಬರೆದದ್ದು 'ಇದರಿಂದ ಡೆಲಿವರಿ ನೆರವೇರುತ್ತದೆ' ಅಂತ! ನೀವು ಹೇಳಬೇಕಿದ್ದದ್ದು ಡೆಲಿವರಿಗೆ ತೊಂದರೆ ಆಗುತ್ತದೆ ಅಂತ ಅಲ್ವಾ? ಅದಕ್ಕೆ 'ಎ'ಯಿಂದ ಶುರುವಾಗುವ 'ಅಫೆಕ್ಟ್' ಬೇಕು. ಪಾಪ, ಮ್ಯಾನೇಜರ್ ಕೆಂಪು ಗೆರೆ ಎಳೆದದ್ದರಲ್ಲಿ ನ್ಯಾಯ ಇದೆ.

ಈ ತಪ್ಪು ಎಲ್ಲಿಂದ ಬಂತು ಅಂತ ನೋಡಿದರೆ ಮಜವಾಗಿದೆ. ನಾವು ಯಾವ ಇಂಗ್ಲಿಷ್ ಪದ ಸಿಕ್ಕಿದರೂ ಅದರ ಹಿಂದೆ ಒಂದು 'ಮಾಡು' ಅಥವಾ 'ಆಗು' ಸೇರಿಸಿ ಕನ್ನಡ ಕ್ರಿಯಾಪದ ಮಾಡಿಕೊಳ್ಳುತ್ತೇವೆ. ಅಡ್ವೈಸ್ ಮಾಡಿದರು, ಪ್ರಾಕ್ಟೀಸ್ ಮಾಡಿದೆ, ಲಾಸ್ ಆಯ್ತು, ಎಫೆಕ್ಟ್ ಆಯ್ತು. ಮುಂದೆ ಇರುವ ಪದ ನಾಮಪದವೋ ಕ್ರಿಯಾಪದವೋ ಅಂತ ಯೋಚಿಸುವ ಅಗತ್ಯವೇ ನಮಗಿಲ್ಲ. ಕ್ರಿಯೆಯ ಭಾರವನ್ನೆಲ್ಲ 'ಮಾಡು' ಹೊರುತ್ತದೆ. ಇಂಗ್ಲಿಷ್‌ಗೆ ವಾಪಸ್ ಹೋಗುವಾಗ 'ಮಾಡು' ಉದುರಿ ಹೋಗುತ್ತದೆ, ಬರೀ ನಾಮಪದ ಉಳಿಯುತ್ತದೆ. ಅದನ್ನೇ ಕ್ರಿಯಾಪದ ಅಂದುಕೊಂಡು ಬರೆದುಬಿಡುತ್ತೇವೆ.

ಮದ್ದೂ ಅಲ್ಲೇ ಇದೆ. ಬರೆಯುವ ಮುಂಚೆ ನಿಮ್ಮ ವಾಕ್ಯವನ್ನು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ. ಬರೀ 'ಪರಿಣಾಮ' ಅಂತ ಬಂದರೆ 'ಎಫೆಕ್ಟ್'. 'ಪರಿಣಾಮ ಬೀರು', 'ತೊಂದರೆ ಮಾಡು', 'ಬಾಧಿಸು' ಅಂತ ಬಂದರೆ 'ಅಫೆಕ್ಟ್'. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಡೆ ಇಷ್ಟು ಸಾಕು. ಇದಕ್ಕಿಂತ ಗಟ್ಟಿ ಆಧಾರ ಬೇಕಿದ್ದರೆ ಪದವನ್ನು ಅದರ ಸಂಗಡಿಗರ ಜೊತೆ ನೆನಪಿಟ್ಟುಕೊಳ್ಳಿ. 'ಸೈಡ್ ಎಫೆಕ್ಟ್' ಎಲ್ಲರಿಗೂ ಗೊತ್ತು, ಮಾತ್ರೆ ಚೀಟಿ ಓದದವರಿಗೂ ಗೊತ್ತು. ವರ್ಗಾವಣೆ ಆದೇಶಗಳಲ್ಲಿ 'ವಿತ್ ಇಮ್ಮೀಡಿಯೆಟ್ ಎಫೆಕ್ಟ್' ಇರುತ್ತದೆ, 'ತಕ್ಷಣದಿಂದ ಜಾರಿಗೆ ಬರುವಂತೆ' ಅಂತ ಅದರ ಕನ್ನಡ. ಇನ್ನೊಂದು ಕಡೆ ಬರ ಬಂದಾಗ, ನೆರೆ ಬಂದಾಗ 'ಅಫೆಕ್ಟೆಡ್ ಏರಿಯಾ' ಅಂತ ಬರೆಯುತ್ತಾರೆ, ಪೀಡಿತ ಪ್ರದೇಶ. ಈ ಮೂರು ನುಡಿಗಟ್ಟು ತಲೆಯಲ್ಲಿದ್ದರೆ ಸ್ಪೆಲ್ಲಿಂಗ್ ತಾನಾಗಿ ಬರುತ್ತದೆ. ಮನಶ್ಶಾಸ್ತ್ರದಲ್ಲಿ 'ಅಫೆಕ್ಟ್' ನಾಮಪದವಾಗಿಯೂ ಇದೆ, ಭಾವಸ್ಥಿತಿ ಅನ್ನುವ ಅರ್ಥದಲ್ಲಿ. ನಿಮ್ಮ ಆಫೀಸ್ ಮೇಲ್‌ನಲ್ಲಿ ಅದು ಬರುವ ಸಂಭವ ಕಡಿಮೆ.

'ಅಡ್ವೈಸ್' ಕಥೆ ಸ್ವಲ್ಪ ಬೇರೆ. ಇಲ್ಲಿ ಇಂಗ್ಲಿಷ್‌ನಲ್ಲಿ ಒಂದು ಹಳೆಯ ಪದ್ಧತಿ ಇದೆ, ಗೊತ್ತಾದರೆ ಒಂದೇ ಏಟಿಗೆ ಹತ್ತು ಜೋಡಿ ಬಗೆಹರಿಯುತ್ತವೆ. ಎರಡು ಬೆರಳನ್ನು ಗಂಟಲ ಮೇಲೆ ಇಡಿ. 'ಸ್‌ಸ್‌ಸ್' ಅಂತ ಎಳೆಯಿರಿ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ, ಬರೀ ಗಾಳಿ. ಈಗ ಅದೇ ನಾಲಿಗೆಯನ್ನು ಅದೇ ಜಾಗದಲ್ಲಿ ಇಟ್ಟು, ಸೊಳ್ಳೆ ಕಿವಿ ಹತ್ತಿರ ಬಂದಾಗ ಕೇಳುವ ಸದ್ದು ಮಾಡಿ, 'ಝ್‌ಝ್‌ಝ್'. ಗಂಟಲು ನಡುಗುತ್ತದೆ. ಇಂಗ್ಲಿಷ್‌ನ ಈ ಥರದ ಜೋಡಿಗಳಲ್ಲಿ ನಾಮಪದದ ಕೊನೆ ಬರೀ ಗಾಳಿ, ಕ್ರಿಯಾಪದದ ಕೊನೆಗೆ ಗಂಟಲು ನಡುಗುತ್ತದೆ. ಸಲಹೆ ಅನ್ನುವ 'ಅಡ್ವೈಸ್' ಗಾಳಿ, ಅದಕ್ಕೆ 'ಸಿ'. ಸಲಹೆ ಕೊಡು ಅನ್ನುವ 'ಅಡ್ವೈಝ್' ನಡುಕ, ಅದಕ್ಕೆ 'ಎಸ್'. ಉಸಿರು 'ಬ್ರೆತ್', ಉಸಿರಾಡು 'ಬ್ರೀದ್'. ನಂಬಿಕೆ 'ಬಿಲೀಫ್', ನಂಬು 'ಬಿಲೀವ್'. ಪುರಾವೆ 'ಪ್ರೂಫ್', ಸಾಬೀತು ಮಾಡು 'ಪ್ರೂವ್'. ಆಯ್ಕೆ 'ಚಾಯ್ಸ್', ಆರಿಸು 'ಚೂಝ್'. 'ಯೂಸ್' ಪದದ ಸ್ಪೆಲ್ಲಿಂಗ್ ಎರಡೂ ಕಡೆ ಒಂದೇ, ಆದರೂ ಬಾಯಲ್ಲಿ ಈ ವ್ಯತ್ಯಾಸ ಉಳಿದಿದೆ.

ನಮ್ಮ ಕಿವಿಗೆ ಇದು ತಪ್ಪಿಹೋಗುವುದಕ್ಕೆ ಕಾರಣ ಸರಳ. ಕನ್ನಡದಲ್ಲಿ ಕ–ಗ, ತ–ದ, ಪ–ಬ ಅಂತ ಜೋಡಿ ಇದೆ. ಆದರೆ 'ಸ'ಕ್ಕೆ ಅಂಥ ಗಂಟಲು ನಡುಗುವ ಜೊತೆಗಾರ ಇಲ್ಲ. ಹಾಗಾಗಿ ಎರಡನ್ನೂ 'ಅಡ್ವೈಸ್' ಅಂತಲೇ ಕೇಳುತ್ತೇವೆ, ಅಂತಲೇ ಹೇಳುತ್ತೇವೆ. 'ಲೂಸ್' ಕಥೆಯೂ ಇದೇ. ಕಳೆದುಕೊಳ್ಳು ಅನ್ನುವುದು 'ಲೂಝ್', ಅದರಲ್ಲಿ 'ಒ' ಒಂದೇ. ಸಡಿಲ ಅನ್ನುವುದು 'ಲೂಸ್', 'ಒ' ಎರಡು. ವಾಟ್ಸ್‌ಆ್ಯಪ್‌ನಲ್ಲಿ 'ಡೋಂಟ್ ಲೂಸ್ ಹೋಪ್' ಅಂತ ಎರಡು 'ಒ' ಹಾಕಿ ಬೆಳಗಿನ ಶುಭಾಶಯ ಬರುತ್ತಲೇ ಇರುತ್ತದೆ. 'ಭರವಸೆಯನ್ನು ಸಡಿಲ ಬಿಡಬೇಡಿ' ಅಂತ ಓದಿಕೊಂಡು ಸುಮ್ನೆ ಇದ್ದರಾಯಿತು.

ಇನ್ನು 'ಲೈ'–'ಲೇ', 'ರೈಝ್'–'ರೇಝ್'. ಇಲ್ಲಿ ಕನ್ನಡದವರಿಗೆ ಇರುವಷ್ಟು ಅನುಕೂಲ ಬಹಳ ಭಾಷೆಯವರಿಗೆ ಇಲ್ಲ, ಇಂಗ್ಲಿಷ್‌ನಲ್ಲೇ ಹುಟ್ಟಿ ಬೆಳೆದವರಿಗೂ ಇಲ್ಲ. ಅವರೂ ಇದರಲ್ಲಿ ಧಾರಾಳವಾಗಿ ತಪ್ಪುತ್ತಾರೆ.

ನಮ್ಮಲ್ಲಿ 'ಇಸು' ಇದೆ. ತಾನೇ ಮಲಗಿದರೆ 'ಮಲಗು', ಇನ್ನೊಂದನ್ನು ಮಲಗುವಂತೆ ಮಾಡಿದರೆ 'ಮಲಗಿಸು'. ಏರು–ಏರಿಸು, ಬೀಳು–ಬೀಳಿಸು, ಕೂರು–ಕೂರಿಸು, ಕುಡಿ–ಕುಡಿಸು. ಸಾವಿರ ವರ್ಷಕ್ಕೂ ಹಿಂದೆ ಇಂಗ್ಲಿಷ್‌ನ ಪೂರ್ವಜ ಭಾಷೆಯಲ್ಲಿ ನಮ್ಮ 'ಇಸು'ವಿನ ಕೆಲಸವನ್ನೇ ಮಾಡುವ ಒಂದು ಪ್ರತ್ಯಯ ಇತ್ತು, 'ಯನ್' ಅಂತ. ಅದನ್ನು ಕ್ರಿಯಾಪದಕ್ಕೆ ಸೇರಿಸಿದಾಗ ಒಳಗಿನ ಸ್ವರ ಬದಲಾಗುತ್ತಿತ್ತು. ಕಾಲ ಕಳೆದಂತೆ ಬಾಲ ಉದುರಿಹೋಯಿತು, ಬದಲಾದ ಸ್ವರ ಮಾತ್ರ ಉಳಿಯಿತು. ಆ ಬಾಲ ಉದುರಿದ 'ಇಸು' ಪದಗಳೇ ಇವು:

'ಲೈ' ಅಂದರೆ ಮಲಗು, 'ಲೇ' ಅಂದರೆ ಮಲಗಿಸು, ಇಡು. 'ಸಿಟ್' ಅಂದರೆ ಕೂರು, 'ಸೆಟ್' ಅಂದರೆ ಕೂರಿಸು. 'ಫಾಲ್' ಅಂದರೆ ಬೀಳು, 'ಫೆಲ್' ಅಂದರೆ ಬೀಳಿಸು. 'ರೈಝ್' ಅಂದರೆ ಏರು, 'ರೇಝ್' ಅಂದರೆ ಏರಿಸು. ಈ ಕೊನೆಯದು ವೈಕಿಂಗರ ನಾರ್ಸ್ ಭಾಷೆಯ ಮೂಲಕ ಇಂಗ್ಲಿಷ್‌ಗೆ ಬಂದದ್ದು, ಆದರೆ ಹುಟ್ಟಿದ ರೀತಿ ಅದೇ. ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ 'ಡ್ರಿಂಕ್'–'ಡ್ರೆಂಚ್'. 'ಡ್ರೆಂಚ್' ಅಂದರೆ ಮೊದಲು 'ಕುಡಿಸು' ಅಂತಲೇ ಅರ್ಥ ಇತ್ತು. ಈಗ ಮಳೆಯಲ್ಲಿ ತೊಪ್ಪೆಯಾಗುವುದಕ್ಕೆ ಅದನ್ನು ಬಳಸುತ್ತಾರೆ.

ಮರ ಬೀಳಿಸುವ 'ಫೆಲ್' ಹಳೆಯ ಪುಸ್ತಕದ ಪದ ಅಂದುಕೊಳ್ಳಬೇಡಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಮರ ಕಡಿಯುವುದಕ್ಕೆ 'ಫೆಲ್', 'ಫೆಲ್ಲಿಂಗ್' ಅಂತಲೇ ಇದೆ. ಮರ ತಾನಾಗಿ ಬಿದ್ದರೆ 'ಫಾಲ್', ನಾವು ಬೀಳಿಸಿದರೆ 'ಫೆಲ್'. ಅನುಮತಿ ಬೇಕಾದದ್ದು ಎರಡನೆಯದಕ್ಕೆ.

ಹಾಗಾದರೆ ಪರೀಕ್ಷೆ ಹೇಗೆ? ಕನ್ನಡ ವಾಕ್ಯದಲ್ಲಿ 'ಇಸು' ಬಂತಾ ನೋಡಿ. 'ಹಾಲಿನ ದರ ಏರಿತು', ಇಸು ಇಲ್ಲ, 'ರೋಸ್' ಬರೆಯಿರಿ. 'ಸರ್ಕಾರ ಹಾಲಿನ ದರ ಏರಿಸಿತು', ಇಸು ಇದೆ, 'ರೇಝ್ಡ್' ಬರೆಯಿರಿ. ಕೈ ಎತ್ತುವುದು, ಪ್ರಶ್ನೆ ಎತ್ತುವುದು, ಟಿಕೆಟ್ ಎತ್ತುವುದು ಎಲ್ಲ 'ರೇಝ್', ಯಾಕೆಂದರೆ ಎತ್ತುವುದಕ್ಕೆ ಒಂದು ವಸ್ತು ಬೇಕು. ಸೂರ್ಯನನ್ನು ಯಾರೂ ಎತ್ತುವುದಿಲ್ಲ, ಅವನು 'ರೈಝ್' ಆಗುತ್ತಾನೆ. ಸಂಬಳ ಹೆಚ್ಚಾಗುವುದಕ್ಕೆ ಬ್ರಿಟಿಷರು 'ರೈಝ್' ಅನ್ನುತ್ತಾರೆ, ಅಮೆರಿಕನ್ನರು 'ರೇಝ್' ಅನ್ನುತ್ತಾರೆ. ನಾವು 'ಇನ್‌ಕ್ರಿಮೆಂಟ್' ಅಂದು ಜಗಳದಿಂದ ಪಾರಾಗಿದ್ದೇವೆ.

'ಲೇ' ಪದಕ್ಕೆ ನಮ್ಮೂರುಗಳಲ್ಲಿ ಕಲ್ಲಿನಲ್ಲೇ ಕೆತ್ತಿದ ಉದಾಹರಣೆ ಇದೆ. ಶಂಕುಸ್ಥಾಪನೆಯ ಫಲಕ ನೋಡಿ, 'ಫೌಂಡೇಷನ್ ಸ್ಟೋನ್ ಲೇಯ್ಡ್ ಬೈ' ಅಂತ ಇದ್ದು ಕೆಳಗೆ ಮಂತ್ರಿಗಳ ಹೆಸರು ಇರುತ್ತದೆ. ಕಲ್ಲನ್ನು ಇಟ್ಟವರು ಇದ್ದಾರೆ, ಹಾಗಾಗಿ 'ಲೇ'. ಆಮೇಲೆ ಕಟ್ಟಡ ಏಳದೆ ವರ್ಷಗಟ್ಟಲೆ ಆ ಕಲ್ಲು ಅಲ್ಲೇ ಬಿದ್ದಿದ್ದರೆ, ಅದು 'ಲೈಝ್ ದೇರ್'.

ಒಂದು ಗುಂಡಿ ಇದೆ, ಅಲ್ಲಿ ಹುಷಾರು. 'ಲೈ' ಪದದ ಭೂತಕಾಲ ಏನು ಗೊತ್ತಾ? 'ಲೇ'! 'ನಿನ್ನೆ ಮಧ್ಯಾಹ್ನ ಚಾಪೆ ಮೇಲೆ ಮಲಗಿದೆ' ಅನ್ನುವುದಕ್ಕೆ 'ಐ ಲೇ ಆನ್ ದಿ ಮ್ಯಾಟ್' ಅನ್ನಬೇಕು. ಮಲಗಿಸುವ 'ಲೇ' ಪದದ ಭೂತಕಾಲ 'ಲೇಯ್ಡ್'. ಮಲಗು ಸಾಲು ಲೈ, ಲೇ, ಲೇನ್. ಮಲಗಿಸು ಸಾಲು ಲೇ, ಲೇಯ್ಡ್, ಲೇಯ್ಡ್. ಇಂಗ್ಲಿಷರೇ ಎಡವುವುದು ಇಲ್ಲಿ. ಎರಡು ಸಾಲನ್ನು ಒಂದೇ ದಿನ ಬಾಯಿಪಾಠ ಮಾಡಬೇಡಿ. ಈ ವಾರ ಒಂದು, ಇನ್ನೊಂದು ವಾರ ಇನ್ನೊಂದು. ಸುಳ್ಳು ಹೇಳುವ 'ಲೈ' ಬೇರೆಯೇ ಪದ, ಅದರ ಭೂತಕಾಲ 'ಲೈಡ್'. ಅದನ್ನು ಇವುಗಳ ಪಕ್ಕ ತರಲೇಬೇಡಿ.

'ಇಸು' ಎಲ್ಲ ಕಡೆ ಇದೇ ಕೆಲಸ ಮಾಡುವುದಿಲ್ಲ. 'ಪ್ರೀತಿಸು' ಅನ್ನುವಲ್ಲಿ ಯಾರನ್ನೂ ಏನೂ ಮಾಡಿಸುತ್ತಿಲ್ಲ. 'ಕೇಳಿಸು' ಅನ್ನುವಲ್ಲಿ ಅದು ಇನ್ನೂ ಚಂದದ ಕೆಲಸ ಮಾಡುತ್ತದೆ. ಅದನ್ನು ಹೇಳಿಯೇ ಮುಂದೆ ಹೋಗಬೇಕು.

'ಹಿಯರ್'–'ಲಿಸನ್', 'ಸೀ'–'ಲುಕ್' ಜೋಡಿಗಳಲ್ಲಿ ನಮ್ಮವರು 'ಐ ಆಮ್ ಹಿಯರಿಂಗ್ ಸಾಂಗ್ಸ್' ಅಂತ ಬರೆಯುತ್ತಾರೆ. ಕನ್ನಡದಲ್ಲಿ ಎರಡಕ್ಕೂ 'ಕೇಳು' ಒಂದೇ ಇರುವುದರಿಂದ ಹೀಗಾಗುತ್ತದೆ ಅಂತ ಕೆಲವರು ವಿವರಿಸುತ್ತಾರೆ. ನಾನು ಒಪ್ಪುವುದಿಲ್ಲ. ಸಿಗ್ನಲ್ ಇಲ್ಲದ ಕಡೆ ಫೋನ್ ಬಂದರೆ ನೀವು ಏನನ್ನುತ್ತೀರಿ? 'ಹಲೋ, ಕೇಳಿಸ್ತಿದೆಯಾ?' ನಿಮ್ಮ ತಮ್ಮ ಮೊಬೈಲ್ ನೋಡುತ್ತಾ ಹೂಂಗುಟ್ಟುತ್ತಿದ್ದರೆ ಏನನ್ನುತ್ತೀರಿ? 'ಲೋ, ನಾನ್ ಹೇಳೋದು ಕೇಳ್ತಿದ್ದೀಯಾ?' ಮೊದಲನೆಯದು 'ಹಿಯರ್', ಎರಡನೆಯದು 'ಲಿಸನ್'. 'ಬೋರ್ಡ್ ಕಾಣಿಸ್ತಿಲ್ಲ ಮಿಸ್' ಅನ್ನುವುದು 'ಸೀ', 'ಬೋರ್ಡ್ ನೋಡು' ಅನ್ನುವುದು 'ಲುಕ್'. ಕನ್ನಡದಲ್ಲಿ ಇವು ಯಾವತ್ತಿನಿಂದಲೂ ಬೇರೆ ಬೇರೆ.

ಇನ್ನೂ ಹತ್ತಿರದಿಂದ ನೋಡಿ. 'ನನಗೆ ಕೇಳಿಸುತ್ತದೆ', 'ನನಗೆ ಕಾಣುತ್ತದೆ'. ಇಲ್ಲಿ 'ನನಗೆ'. ಸದ್ದು ತಾನಾಗಿ ಬಂದು ಕಿವಿಗೆ ಬೀಳುತ್ತದೆ, ನಾನು ಏನೂ ಮಾಡಿಲ್ಲ. 'ನಾನು ಕೇಳುತ್ತೇನೆ', 'ನಾನು ನೋಡುತ್ತೇನೆ'. ಇಲ್ಲಿ 'ನಾನು'. ಕಿವಿ ಕೊಟ್ಟಿದ್ದೇನೆ, ಕಣ್ಣು ಇಟ್ಟಿದ್ದೇನೆ. 'ನನಗೆ' ಬಂದರೆ ಹಿಯರ್, ಸೀ. 'ನಾನು' ಬಂದರೆ ಲಿಸನ್, ಲುಕ್. 'ನನಗೆ' ಗುಂಪಿನ ಇಂಗ್ಲಿಷ್ ಕ್ರಿಯಾಪದಗಳಿಗೆ ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ನನಗೆ ಗೊತ್ತು, ನನಗೆ ಬೇಕು, ನನಗೆ ಅರ್ಥವಾಗುತ್ತದೆ, ನನಗೆ ಇಷ್ಟ. 'ನೋ', 'ವಾಂಟ್', 'ಅಂಡರ್‌ಸ್ಟ್ಯಾಂಡ್', 'ಲೈಕ್'. 'ಐ ಆಮ್ ನೋಯಿಂಗ್' ಅಂತ ಬರೆಯುವ ಮುಂಚೆ ಕನ್ನಡದ 'ನನಗೆ' ನೆನೆದರೆ ಸಾಕು. ಮ್ಯಾಚು, ಧಾರಾವಾಹಿಯಂಥ ಓಡುವ ಚಿತ್ರವನ್ನು ನೋಡುತ್ತಾ ಕೂತರೆ 'ವಾಚ್'.

'ರಿಮೆಂಬರ್'–'ರಿಮೈಂಡ್' ಮಾತ್ರ ನಿಜಕ್ಕೂ ಕನ್ನಡದಿಂದಲೇ ಬಂದ ತಾಪತ್ರಯ. 'ಸಂಜೆ ನೆನಪು ಮಾಡಿ ಸರ್' ಅನ್ನುತ್ತೇವೆ. ಅದನ್ನು 'ಪ್ಲೀಸ್ ರಿಮೆಂಬರ್ ಮಿ ಇನ್ ದಿ ಈವನಿಂಗ್' ಅಂತ ಬರೆದರೆ, ಸಂಜೆ ಹೊತ್ತಿಗೆ ನೀವು ಇರುವುದಿಲ್ಲವೇನೋ ಅನ್ನುವ ಹಾಗೆ ಕೇಳಿಸುತ್ತದೆ. 'ನೆನಪಿಸಿ' ಅಂತ ಹೇಳಿ ನೋಡಿ. ಇಸು ಬಂತು, 'ರಿಮೈಂಡ್' ಬಂತು.

ಇನ್ನು ಕೆಲವು ಜೋಡಿಗಳಲ್ಲಿ ದಿಕ್ಕು ಮಾತ್ರ ಬೇರೆ. ಸಾಲ ಕೊಡುವುದು 'ಲೆಂಡ್', ಸಾಲ ತಗೊಳ್ಳುವುದು 'ಬಾರೋ'. ನಾವು 'ಸಾಲ'ಕ್ಕೆ 'ಕೊಡು', 'ತಗೋ' ಸೇರಿಸಿ ದಿಕ್ಕು ತೋರಿಸುತ್ತೇವೆ, ಇಂಗ್ಲಿಷ್‌ನಲ್ಲಿ ದಿಕ್ಕು ಪದದ ಒಳಗೇ ಕೂತಿದೆ. 'ಕ್ಯಾನ್ ಯು ಬಾರೋ ಮಿ ಎ ಪೆನ್' ತಪ್ಪಾಗುವುದು ಅದಕ್ಕೇ. 'ಇಂಪ್ಲೈ'–'ಇನ್ಫರ್' ಕೂಡ ಹೀಗೇ. ಮಾತಿನಲ್ಲಿ ಸೂಚಿಸುವವನು 'ಇಂಪ್ಲೈ' ಮಾಡುತ್ತಾನೆ, ಕೇಳಿದವನು ಅದರಿಂದ ಊಹಿಸುವುದು 'ಇನ್ಫರ್'. ಊರು ಬಿಟ್ಟು ಹೊರಗೆ ವಲಸೆ ಹೋಗುವುದು 'ಎಮಿಗ್ರೇಟ್', ಒಳಗೆ ವಲಸೆ ಬರುವುದು 'ಇಮಿಗ್ರೇಟ್'. ಕರಾವಳಿ ಕಡೆ, ಗಲ್ಫ್‌ಗೆ ಹೋಗಿ ಬಂದವರ ಮನೆಗಳಲ್ಲಿ 'ಇಸಿಆರ್ ಪಾಸ್‌ಪೋರ್ಟ್' ಅನ್ನುವ ಮಾತು ಕೇಳಿರುತ್ತೀರಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಈ ಗುರುತು ಬೀಳುತ್ತದೆ, 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್'. ಹೊರಗೆ ಹೋಗುವವರ ತಪಾಸಣೆ, ಹಾಗಾಗಿ 'ಇ'. 'ಎಕ್ಸಿಟ್'ನ ಮೊದಲಕ್ಷರವೂ ಅದೇ.

ಕಿವಿಗೆ ಒಂದೇ ಆಗಿ ಕೇಳಿ, ಕನ್ನಡ ಲಿಪಿಯಲ್ಲಿ ಬರೆದರೆ ಕಣ್ಣಿಗೂ ಒಂದೇ ಆಗಿಬಿಡುವ ಪದಗಳಿವೆ. ಅವುಗಳಿಗೆ ವ್ಯಾಕರಣ ಸಹಾಯ ಮಾಡುವುದಿಲ್ಲ, ನಿಮ್ಮ ಸುತ್ತಲಿನ ಫಲಕಗಳು ಮಾಡುತ್ತವೆ. 'ಸ್ಟೇಷನರಿ' ತಗೊಳ್ಳಿ. ನಿಂತಲ್ಲೇ ನಿಂತಿರುವ ಅನ್ನುವುದಕ್ಕೆ ಕೊನೆಗೆ 'ಎ-ಆರ್-ವೈ', ಪೆನ್ನು ಪೇಪರಿಗೆ 'ಇ-ಆರ್-ವೈ'. ಎರಡೂ ಒಂದೇ ಬೇರಿನವು. ಮಧ್ಯಯುಗದ ಯುರೋಪಿನಲ್ಲಿ ಸರಕು ಹೊತ್ತು ಊರೂರು ಸುತ್ತುವ ವ್ಯಾಪಾರಿಗಳೇ ಹೆಚ್ಚು. ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವರಿಗೆ 'ಸ್ಟೇಷನರ್' ಅಂತ ಹೆಸರು ಬಿತ್ತು. ಸ್ಟೇಷನರ್ ಮಾರುವುದು ಸ್ಟೇಷನರಿ. ಬೇಕರ್–ಬೇಕರಿ ನೆನೆಸಿಕೊಂಡರೆ 'ಇ' ಎಲ್ಲಿಂದ ಬಂತು ಅನ್ನುವುದು ಮರೆಯುವುದಿಲ್ಲ.

'ಪ್ರಿನ್ಸಿಪಲ್' ಎರಡು. 'ಎ-ಎಲ್' ಇರುವುದು ಮುಖ್ಯ, 'ಎಲ್-ಇ' ಇರುವುದು ತತ್ವ. ಕಾಲೇಜಿನ ಪ್ರಿನ್ಸಿಪಾಲರು ಮುಖ್ಯಸ್ಥರು. ಸಚಿವಾಲಯದ 'ಪ್ರಿನ್ಸಿಪಲ್ ಸೆಕ್ರೆಟರಿ' ಪ್ರಧಾನ ಕಾರ್ಯದರ್ಶಿ. ಮನೆ ಸಾಲದ ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿಯ ಪಕ್ಕ ಬರುವ 'ಪ್ರಿನ್ಸಿಪಲ್' ಅಸಲು. ಮೂರೂ ಮುಖ್ಯವಾದವು, ಮೂರಕ್ಕೂ 'ಎ-ಎಲ್'.

'ಕೌನ್ಸಿಲ್' ಅಂದರೆ ಪರಿಷತ್ತು, ನಮ್ಮ ವಿಧಾನ ಪರಿಷತ್ತಿನ ಇಂಗ್ಲಿಷ್ ಹೆಸರು 'ಲೆಜಿಸ್ಲೇಟಿವ್ ಕೌನ್ಸಿಲ್'. 'ಕೌನ್ಸೆಲ್' ಅಂದರೆ ಸಲಹೆ. ಕೋರ್ಟಿನಲ್ಲಿ ಸಲಹೆ ಕೊಟ್ಟು ವಾದಿಸುವ ವಕೀಲರಿಗೂ ಅದೇ ಹೆಸರು. ಸಿಇಟಿ ಆದಮೇಲೆ ಸೀಟಿಗಾಗಿ ನಡೆಯುವುದು 'ಕೌನ್ಸೆಲಿಂಗ್', ಅದಕ್ಕೆ 'ಎಸ್-ಇ'. ಜೂನ್ ಜುಲೈನಲ್ಲಿ ಫ್ಲೆಕ್ಸ್‌ಗಳ ಮೇಲೆ 'ಸಿ-ಐ' ಹಾಕಿ ಬರೆದಿರುತ್ತಾರೆ. ಹಾಗೆ ಬರೆದ ಸಂಸ್ಥೆಯಿಂದ ಸಲಹೆ ಪಡೆಯಬೇಕೋ ಬೇಡವೋ ಮಕ್ಕಳೇ ತೀರ್ಮಾನಿಸಲಿ.

'ಪರ್ಸನಲ್' ಖಾಸಗಿ, 'ಪರ್ಸನೆಲ್' ಸಿಬ್ಬಂದಿ. ಸರ್ಕಾರಿ ನೌಕರರು ಇರುವ ಮನೆಯಲ್ಲಿ 'ಡಿಪಿಎಆರ್' ಗೊತ್ತಿರುತ್ತದೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಅದರ 'ಪಿ' ಅಂದರೆ 'ಪರ್ಸನೆಲ್'. ಎರಡು 'ಎನ್', ಕೊನೆಗೆ 'ಇ-ಎಲ್'. ಹೇಳುವಾಗ ಒತ್ತು ಕೊನೆಯ 'ನೆಲ್' ಮೇಲೆ.

ಕನ್ನಡದ ಒಂದೇ ಪದ ಇಂಗ್ಲಿಷ್‌ನ ಎರಡು ಪದಕ್ಕೆ ಸಾಕಾಗುವ ಕಡೆಗಳಲ್ಲಿ ಸ್ವಲ್ಪ ನಿಧಾನಿಸಿ. 'ಐತಿಹಾಸಿಕ ಕಾದಂಬರಿ' ಅನ್ನುತ್ತೇವೆ, 'ಐತಿಹಾಸಿಕ ದಿನ' ಅಂತಲೂ ಅನ್ನುತ್ತೇವೆ. ಕಾದಂಬರಿ ಇತಿಹಾಸಕ್ಕೆ ಸಂಬಂಧಪಟ್ಟದ್ದು, ಅದು 'ಹಿಸ್ಟಾರಿಕಲ್'. 1973ರ ನವೆಂಬರ್ 1, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ದಿನ, ಇತಿಹಾಸದಲ್ಲಿ ಉಳಿಯುವ ದಿನ, ಅದು 'ಹಿಸ್ಟಾರಿಕ್'. ಹಾಗೆಯೇ 2008ರಲ್ಲಿ ಕನ್ನಡಕ್ಕೆ ಸಿಕ್ಕಿದ್ದು 'ಕ್ಲಾಸಿಕಲ್' ಭಾಷೆಯ ಸ್ಥಾನ. 'ಕ್ಲಾಸಿಕ್' ಅಂತ ಬರೆದರೆ ಅದು ಸ್ಥಾನಮಾನ ಆಗುವುದಿಲ್ಲ, ಬರೀ ಹೊಗಳಿಕೆ ಆಗುತ್ತದೆ. ಎಷ್ಟು ಜನ, ಎಷ್ಟು ನೀರು ಅಂತ ನಾವು 'ಎಷ್ಟು' ಒಂದರಲ್ಲೇ ಮುಗಿಸುತ್ತೇವೆ. ಎಣಿಸುವಂಥದ್ದಕ್ಕೆ 'ಮೆನಿ', ಅಳೆಯುವಂಥದ್ದಕ್ಕೆ 'ಮಚ್' ಬೇಕು. 'ಫ್ಯೂಯರ್'–'ಲೆಸ್' ಕೂಡ ಅದೇ ಲೆಕ್ಕ. ಆದರೆ ಇಂಗ್ಲಿಷರೇ ಅಂಗಡಿಗಳಲ್ಲಿ ಎಣಿಸುವ ಸಾಮಾನಿಗೆ 'ಲೆಸ್' ಅಂತ ಬೋರ್ಡ್ ಹಾಕಿಕೊಂಡಿರುವಾಗ ನೀವು ಅದಕ್ಕಾಗಿ ನಿದ್ದೆ ಕೆಡಬೇಕಾಗಿಲ್ಲ.

ಗೊಂದಲವೇ ಬೇಡದ ಕಡೆ ಗೊಂದಲ ಆಗುವ ಒಂದು ಜೋಡಿಯೂ ಇದೆ. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. 'ಇನ್' ಇದೆಯಲ್ಲ, ಹಾಗಾದರೆ ಬೆಂಕಿ ಹತ್ತುವುದಿಲ್ಲ ಅಂತ ಅಂದುಕೊಂಡೀರಿ! ಇಲ್ಲಿಯ 'ಇನ್' ಇಲ್ಲ ಅನ್ನುವ 'ಇನ್' ಅಲ್ಲ, ಉರಿ ಹೊತ್ತಿಸು ಅನ್ನುವ ಲ್ಯಾಟಿನ್ ಕ್ರಿಯಾಪದದ ಭಾಗ. 'ಫ್ಲೇಮಬಲ್', 'ಇನ್‌ಫ್ಲೇಮಬಲ್' ಎರಡೂ ಸುಲಭವಾಗಿ ಬೆಂಕಿ ಹತ್ತುವಂಥದ್ದೇ. ಜನ ತಪ್ಪು ತಿಳಿದು ಅಪಾಯ ಆದೀತು ಅಂತ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ 'ಫ್ಲೇಮಬಲ್' ಬಳಸಿ ಅಂತ ಒತ್ತಾಯಿಸಿತು. ಬೆಂಕಿ ಹತ್ತದೇ ಇರುವುದಕ್ಕೆ ಪದ 'ನಾನ್‌ಫ್ಲೇಮಬಲ್'.

ನೀವು ಕೇಳದೇ ಇದ್ದರೂ ಹೇಳಬೇಕಾದ ಇನ್ನೊಂದು ಪದ 'ಡೌಟ್'. ನಮ್ಮ ಕ್ಲಾಸುಗಳಲ್ಲಿ 'ಮಿಸ್, ಒಂದ್ ಡೌಟು' ಅಂದರೆ ಒಂದು ಪ್ರಶ್ನೆ ಅಂತ. ಅದನ್ನೇ ವಿದೇಶಿ ಕ್ಲೈಂಟ್‌ಗೆ 'ಐ ಹ್ಯಾವ್ ಎ ಡೌಟ್' ಅಂತ ಬರೆದರೆ, ನೀವು ಹೇಳಿದ್ದರ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಅವರಿಗೆ ಕೇಳಿಸಬಹುದು. 'ಕ್ವೆಶ್ಚನ್' ಅಂತ ಬರೆಯಿರಿ. ಸ್ಪೆಲ್ ಚೆಕ್ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ 'ಡೌಟ್' ಸರಿಯಾದ ಪದವೇ. 'ಪ್ರಿನ್ಸಿಪಲ್', 'ಲೂಸ್'ಗಳಲ್ಲೂ ಅದನ್ನು ಪೂರ್ತಿ ನಂಬುವಂತಿಲ್ಲ.

ಕೊನೆಯದಾಗಿ 'ಪ್ರಾಕ್ಟೀಸ್' ಮತ್ತು 'ಲೈಸೆನ್ಸ್'. ಬ್ರಿಟಿಷ್ ಪದ್ಧತಿಯಲ್ಲಿ ನಾಮಪದಕ್ಕೆ 'ಸಿ', ಕ್ರಿಯಾಪದಕ್ಕೆ 'ಎಸ್'. 'ಅಡ್ವೈಸ್' ಥರವೇ, ಸದ್ದಿನಲ್ಲಿ ಮಾತ್ರ ವ್ಯತ್ಯಾಸ ಇಲ್ಲ. 1988ರ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ 'ಡ್ರೈವಿಂಗ್ ಲೈಸೆನ್ಸ್'ಗೆ 'ಸಿ' ಇರುವುದು ಅದಕ್ಕೇ. ಅಮೆರಿಕದಲ್ಲಿ 'ಪ್ರಾಕ್ಟೀಸ್' ಎರಡೂ ಕಡೆ 'ಸಿ', 'ಲೈಸೆನ್ಸ್' ಎರಡೂ ಕಡೆ 'ಎಸ್'. 'ಅಡ್ವೈಸ್' ಮಾತ್ರ ಎರಡು ದೇಶದಲ್ಲೂ ಒಂದೇ ರೀತಿ. ನಿಮ್ಮ ಕ್ಲೈಂಟ್ ಯಾವ ಕಡೆಯವರು ನೋಡಿಕೊಂಡು ಒಂದು ಪದ್ಧತಿ ಹಿಡಿಯಿರಿ. ವರ್ಡ್‌ನಲ್ಲೂ ಮೇಲ್‌ನಲ್ಲೂ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಇಂಡಿಯಾ, ಯುಕೆ, ಯುಎಸ್‌ಗಳಲ್ಲಿ ಒಂದನ್ನು ಆರಿಸಿಟ್ಟರೆ ಇವೆರಡರ ಕಾಟ ಬಹುಮಟ್ಟಿಗೆ ಕಮ್ಮಿಯಾಗುತ್ತದೆ.